ತಗಡಿನ ಡಬ್ಬಿಗೆ ದೀಪ

ಲಕ್ಷ್ಮೇಶ್ವರಕ್ಕೆ ರೈಲಿಲ್ಲ. ಶಿರಹಟ್ಟಿಗೂ ಇಲ್ಲ, ಮುಂಡರಗಿಗೂ ಇಲ್ಲ. ಬರುತ್ತದಂತೆ ಎಂಬ ಮಾತು ಮಾತ್ರ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಬರುತ್ತಲೇ ಇದೆ. ಆದರೆ ಬೆಟಗೇರಿಯ ನಮ್ಮ ಮನೆಯ ಮಹಡಿಯ ಖೋಲಿಯಲ್ಲಿ ಈ ಮೂರೂ ಊರಿಗೆ ರೈಲಿದೆ. ನಾನು ಮೊಣಕೈ ತಾಗಿಸಿ ಬೀಳಿಸದಿದ್ದರೆ ಹೊತ್ತಿಗೆ ಸರಿಯಾಗಿಯೂ ಬರುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೆ ಹೆಬ್ಬೆರಳಿನಗಲದ ಹಳಿ, ಮದುವೆ ಕಾರ್ಡಿನ ರಟ್ಟಿನಿಂದ ಮಾಡಿದ ಸ್ಟೇಶನ್ನುಗಳು. ಗದಗ ಬಿಟ್ಟ ಗಾಡಿ ಮಲ್ಲಸಮುದ್ರ ದಾಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿಕೊಂಡು ಒಂದೂವರೆ ನಿಮಿಷಕ್ಕೆ ಮತ್ತೆ ಗದಗಕ್ಕೆ ಬರುತ್ತದೆ. ನಕಾಶೆ ಬಲ್ಲವರು ನೋಡಿ ನಗುತ್ತಾರೆ. ಹಲಗೆಯ ಮೇಲೆ ಜಾಗ ಇದ್ದಲ್ಲಿ ಊರು ಇಟ್ಟಿದ್ದೇನೆ, ಏನು ಮಾಡುವುದು.

ನನ್ನ ಹೆಂಡತಿಯ ತಾಯಿ, ಅಂದರೆ ನಮ್ಮ ಅತ್ತೆ, ಲಕ್ಷ್ಮೇಶ್ವರದವರು. ಗದಗ ಜಿಲ್ಲೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಲ್ಲಿ ಅದಿನ್ನೂ 'ಹೊಸ ಜಿಲ್ಲಾ'. ಆ ಹೊಸ ಜಿಲ್ಲೆಯ ಕಂದಾಯ ಕಚೇರಿಯಲ್ಲಿಯೇ ನನ್ನ ನೌಕರಿ. ಮೊದಲ ಸಲ ನನ್ನ ಹಲಗೆ ನೋಡಿದಾಗ ಅವರು ಸೊಂಟದ ಮೇಲೆ ಕೈಯಿಟ್ಟು, "ಹೊಸ ಜಿಲ್ಲಾ ಆತಂದ್ರ ನಮ್ಮೂರಿಗೆ ರೈಲ್ ಬರತೈತಿ ಅಂದ್ರು. ಬಂತು ನೋಡವ್ವಾ, ನಿನ್ನ ಗಂಡನ ಖೋಲಿಗೆ!" ಎಂದು ಮಗಳಿಗೆ ಹೇಳಿದ್ದರು.

ನನಗೀಗ ಐವತ್ತೆರಡು. ಕಾಳಜಿ ಮಾಡುವುದು ನನ್ನ ಹವ್ಯಾಸ, ರೈಲು ಆಮೇಲಿನದು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದವನು ನಾನು. ಬಾಗಿಲಿಗೆ ಕೀಲಿ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. "ಕಳ್ಳರು ಬ್ಯಾಡ್ರಿ, ನಿಮ್ಮ ಜಗ್ಗಾಟಕ್ಕ ಒಂದಿನ ಬಾಗಲಾನ ಕಿತ್ತು ಬರತೈತಿ" ಎಂದು ಹೆಂಡತಿ ಹೇಳುತ್ತಿರುತ್ತಾಳೆ. ಇಂಥವನ ಕೈಗೆ ಒಬ್ಬರು, ಮತ್ತೊಮ್ಮೆ ಮಾಡಲು ಬಾರದಂಥ ಒಂದು ವಸ್ತುವನ್ನು ಕೊಟ್ಟರು. ಕೊಟ್ಟು, ಇದಕ್ಕೆ ದೀಪ ಹಾಕಿರಿ ಎಂದರು.

ಕೊಟ್ಟವರು ಚಾಚಾ. ನಮ್ಮ ಓಣಿಯಿಂದ ಎರಡು ಓಣಿ ಆಚೆ ಅವರ ಮನೆ. ಇಡೀ ನೌಕರಿ ರೈಲಿನ ದೀಪದ ಖಾತೆಯಲ್ಲಿ ಮಾಡಿ ನಿವೃತ್ತರಾದವರು. ರೈಲಿನ ಬೋಗಿಗೆ ನಮ್ಮ ಕಡೆ ಡಬ್ಬಿ ಎನ್ನುತ್ತಾರಲ್ಲ, ಆ ಡಬ್ಬಿಯ ದೀಪ, ಫ್ಯಾನು, ಅದರ ಹೊಟ್ಟೆಯ ಕೆಳಗಿನ ಬ್ಯಾಟರಿ, ಇವೆಲ್ಲ ಅವರ ಕೈಕೆಳಗೆ ಬೆಳೆದ ಮಕ್ಕಳಿದ್ದ ಹಾಗೆ. ಹಳೆಯ ಡಬ್ಬಿಗಳ ಕೆಳಗೆ ಒಂದು ಡೈನಮೊ ಇರುತ್ತಿತ್ತಂತೆ. ಗಾಲಿ ತಿರುಗಿದರೆ ಬೆಲ್ಟು ತಿರುಗಿ, ಬೆಲ್ಟು ತಿರುಗಿದರೆ ಡೈನಮೊ ತಿರುಗಿ ಬ್ಯಾಟರಿ ತುಂಬುತ್ತಿತ್ತು. ಗಾಡಿ ನಿಂತಾಗ ಆ ಬ್ಯಾಟರಿಯೇ ದೀಪ ನಡೆಸುತ್ತಿತ್ತು. "ಓಡೋ ಗಾಡಿಗೆ ಯಾರರ ದೀಪ ಹಚ್ಚತಾರ್ರಿ ಸಾಹೇಬ್ರ. ನಿಂತ ಗಾಡಿಗೆ ದೀಪ ಹಚ್ಚೋದು ನಮ್ಮ ಕೆಲಸ" ಎಂದು ಅವರು ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನನ್ನ ರೈಲಿನಲ್ಲಿ ಅವರಿಗೆ ಮನಸ್ಸು ಹತ್ತಿದ್ದೂ ಈ ಮಾತಿನಿಂದಲೇ. ಹಳೆಯ ಆಟಿಕೆ ರೈಲುಗಳಲ್ಲಿ ಗುಂಡಿ ತಿರುವಿದಷ್ಟೇ ಹಳಿಗೆ ಕರೆಂಟು. ಗಾಡಿ ನಿಲ್ಲಿಸಿದರೆ ಹಳಿಯಲ್ಲಿ ಕರೆಂಟಿಲ್ಲ, ಡಬ್ಬಿಯಲ್ಲಿ ದೀಪವೂ ಇಲ್ಲ. ನನ್ನದು ಡಿಜಿಟಲ್ ಪದ್ಧತಿಯದು. ಇದರಲ್ಲಿ ಹಳಿಗೆ ಯಾವಾಗಲೂ ಪೂರಾ ಕರೆಂಟು ಇರುತ್ತದೆ. ಓಡು, ನಿಲ್ಲು ಎಂಬ ಹುಕುಂ ಕಂಟ್ರೋಲ್ ಪೆಟ್ಟಿಗೆಯಿಂದ ಬೇರೆ ಹೋಗುತ್ತದೆ, ಎಂಜಿನ್ನಿನ ಹೊಟ್ಟೆಯಲ್ಲಿರುವ ಚಿಪ್ ಅದನ್ನು ಕೇಳಿ ನಡೆಯುತ್ತದೆ. ಹಾಗಾಗಿ ಗಾಡಿ ನಿಂತರೂ ಡಬ್ಬಿಗೆ ಕರೆಂಟು ತಪ್ಪುವುದಿಲ್ಲ. ಇದನ್ನು ಚಾಚಾಗೆ ವಿವರಿಸಿದ ದಿನ ಅವರು ಬಹಳ ಹೊತ್ತು ಹಳಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ಅಂದ್ರ ಬೆಲ್ಟ್ ಹರಿಯೋದು ಇಲ್ಲ" ಎಂದರು. ಸಂತೋಷಕ್ಕೆ ಹೇಳಿದರೋ ಸಂಕಟಕ್ಕೋ ನನಗೆ ತಿಳಿಯಲಿಲ್ಲ.

ನಿವೃತ್ತಿಯಾದ ಮೇಲಿನ ಮೊದಲ ವರ್ಷ ಅವರು ಒಂದೇ ಕೆಲಸ ಮಾಡಿದ್ದರು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಅರ ಹಚ್ಚಿ, ನನ್ನ ಹಳಿಯ ಅಳತೆಗೆ ಸರಿಯಾಗಿ ಒಂದು ಡಬ್ಬಿ ಮಾಡಿದ್ದರು. ಗೇಣಿಗಿಂತ ತುಸು ಉದ್ದ. ಒಂದೊಂದು ಬದಿಗೆ ಹತ್ತು ಕಿಟಕಿ, ಕಿಟಕಿಗೆ ಸರಳು, ಒಳಗೆ ಬೆಂಕಿಪೊಟ್ಟಣದ ಕಟ್ಟಿಗೆಯ, ಕೂರುವ ಬಾಕುಗಳು. ತುದಿಯ ಕಿಟಕಿ ಸಂಡಾಸದ್ದು, ಅದಕ್ಕೆ ಮಸುಕು ಗಾಜಿನ ಬದಲು ಮೇಣ ತಿಕ್ಕಿದ ಕಾಗದ. ಅದನ್ನು ಮುಗಿಸಿದ ಮರುವರ್ಷದಿಂದ ಅವರ ಕೈ ನಡುಗಲು ಹತ್ತಿತು. ಈಗ ಚಹಾದ ಕಪ್ಪು ಹಿಡಿದರೆ ಬಸಿ ತಾಳ ಹಾಕುತ್ತದೆ.

ಆ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಒಂದು ಸೋಮವಾರ ಸಂಜೆ ಬಂದರು. ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದರಂತೆ. ಅಲ್ಲಿ ಹಳೆಯ ಜೊತೆಗಾರರು ಮೂವರು ಸಿಕ್ಕರು. ಮೂವರೂ ದೀಪದ ಖಾತೆಯವರೇ. ಡಬ್ಬಿಯ ಫೋಟೊ ತೋರಿಸಿದ್ದಾರೆ.

"ಒಬ್ಬಾಂವ ಅಂದ, 'ಏನಲೇ, ಜೀವನಪೂರ್ತಿ ದೀಪ ಹಚ್ಚಿದಾಂವ ಡಬ್ಬಿ ಮಾಡೀದಿ, ಒಳಗ ಕತ್ತಲಿ! ನೀ ಏನ್ ಗೂಡ್ಸ್ ಗಾಡ್ಯಾಗ ನೌಕರಿ ಮಾಡಿದಿಯೇನು?' ಎಲ್ಲಾರೂ ನಕ್ರು, ಸಾಹೇಬ್ರ. ಬಡಸಾಕ ಬಂದ ಹುಡುಗೂರೂ ನಕ್ರು."

"ನೀವೇನಂದ್ರಿ?"

"ನಾನೂ ಸಿಟ್ಟಿಗೆದ್ದೆ. ಬರೋ ಐತವಾರ ಗದಗಕ್ಕ ಬರ್ರಿ, ನಮ್ಮನ್ಯಾಗ ಊಟ. ದೀಪ ಹಚ್ಚಿ ಓಡಿಸಿ, ನಿಂದರಿಸಿ ತೋರಸ್ತೀನಿ ಅಂದೆ. ಅಂದುಬಿಟ್ಟೆ." ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಈ ಕೈಲೆ ಆಗೂದಿಲ್ಲ. ನೀವ ಮಾಡಬೇಕು."

ಆಮೇಲೆ ಡಬ್ಬಿಯ ಛತ್ತು, ಅಂದರೆ ಮೇಲಿನ ಮುಚ್ಚಳ, ತೋರಿಸಿದರು. ಛತ್ತನ್ನು ಗೋಡೆಗೆ ಹಿಡಿದಿದ್ದವು ಎಂಟು ಸಣ್ಣ ತಗಡಿನ ಕಿವಿಗಳು, ಒಳಕ್ಕೆ ಮಡಚಿದವು.

"ಈ ಕಿವಿ ಎರಡು ಸಲ ಬಿಚ್ಚಿ ಮಡಚಬಹುದು. ಮೂರನೇ ಸಲಕ್ಕ ಪಟಕ್ಕನ ಮುರೀತಾವ. ತಗಡು ಅಂದ್ರ ಹಂಗ. ಹೊಸಾವು ಮಾಡಾಕ ಈಗ ನಾನಿಲ್ಲ... ಅಂದ್ರ, ಅದೀನಿ, ಕೈ ಇಲ್ಲ."

ಹೀಗೆ ನನಗೆ ಆರು ದಿನ, ಎರಡು ಸಲ ತೆಗೆಯಬಹುದಾದ ಛತ್ತು, ಒಬ್ಬ ಮುದುಕನ ಮರ್ಯಾದೆ, ಇಷ್ಟು ಸಿಕ್ಕವು. ಆಗಲಿ ಎಂದೆ. ಆಗಲಿ ಎಂದ ಬಾಯಿ ಒಣಗಿದ್ದು ಚಾಚಾಗೆ ಕಾಣಲಿಲ್ಲ, ಹೆಂಡತಿಗೆ ಕಂಡಿತು. ಒಂದು ತಂಬಿಗೆ ನೀರು ತಂದಿಟ್ಟು ಹೋದಳು.

ಡಬ್ಬಿಗೆ ದೀಪ ಹಾಕುವುದು ಹೇಳಲು ಸುಲಭ. ಎಡಗಡೆಯ ಗಾಲಿಗಳಿಂದ ಒಂದು ತಂತಿ, ಬಲಗಡೆಯ ಗಾಲಿಗಳಿಂದ ಒಂದು ತಂತಿ. ಹಳಿಯ ಕರೆಂಟು ಹಿಂದು ಮುಂದು ಓಡಾಡುವಂಥದ್ದು, ಅದನ್ನು ಒಂದೇ ದಿಕ್ಕಿಗೆ ತಿರುಗಿಸುವ ಕಡಲೆಯಷ್ಟು ದೊಡ್ಡ ಒಂದು ತುಂಡು. ಅಲ್ಲಿಂದ ಮುಂದೆ ಸಾಲಾಗಿ ಸಣ್ಣ ಎಲ್‌ಇಡಿ ದೀಪಗಳು. ಹಳಿಯ ಮೇಲೆ ಧೂಳಿದ್ದರೆ ದೀಪ ಮಿಣುಕುತ್ತದೆ, ಅದಕ್ಕೆ ಚಣಹೊತ್ತು ಕರೆಂಟು ಹಿಡಿದಿಟ್ಟುಕೊಳ್ಳುವ ಒಂದು ಕೆಪ್ಯಾಸಿಟರು. ಅದನ್ನು ಅಂಗೈ ಮೇಲಿಟ್ಟು ತೋರಿಸಿದಾಗ ಚಾಚಾ, "ಇದು ಬ್ಯಾಟರಿ ಪೆಟ್ಟಿಗಿ. ಇಷ್ಟ ಸಣ್ಣದಾತೇನು!" ಎಂದು ತಮ್ಮ ಮೊಮ್ಮಗಳನ್ನು ನೋಡಿದಂತೆ ನೋಡಿದರು.

ಮಂಗಳವಾರ ಕಿವಿಗಳನ್ನು ಮೊದಲ ಸಲ ಬಿಚ್ಚಿದೆ. ಎಂಟು ಕಿವಿಗೆ ಒಂದು ತಾಸು ಹಿಡಿಯಿತು. ಒಂದೊಂದು ಕಿವಿ ಎತ್ತುವಾಗಲೂ ನಾನು ಉಸಿರು ಹಿಡಿದಿದ್ದೆನಂತೆ. "ಒಳ್ಳೆ ಪ್ರಾಣಾಯಾಮ ಆತು" ಎಂದಳು ಹೆಂಡತಿ. ದೀಪ ಜೋಡಿಸಿ, ಛತ್ತು ಮುಚ್ಚಿ ಹಳಿಯ ಮೇಲಿಟ್ಟೆ. ಇಟ್ಟ ಕೂಡಲೇ ಕಂಟ್ರೋಲ್ ಪೆಟ್ಟಿಗೆ ಕೀಂ ಎಂದು ಅಳತೊಡಗಿತು, ಕೆಂಪು ದೀಪ ಹತ್ತಿತು. ಶಾರ್ಟು. ನನ್ನ ಎದೆಯಲ್ಲಿಯೂ ಅದೇ ಆಯಿತು. ಚಾಚಾ ಡಬ್ಬಿಯನ್ನು ಬೋರಲು ಹಾಕಿ ಎರಡು ಕ್ಷಣ ನೋಡಿದರು.

"ಡಬ್ಬಿ ಪ್ಲಾಸ್ಟಿಕ್ಕಿಂದಲ್ರಿ, ತಗಡಿಂದು. ಮುಂದಿನ ಗಾಲಿ ಎಡಗಡಿ ಹಳಿ ಕರೆಂಟು ತರತಾವ, ಹಿಂದಿನ ಗಾಲಿ ಬಲಗಡೀದು. ಎರಡೂ ತಗಡಿಗೆ ಮುಟ್ಟಿದ್ರ ಹೊಡದಾಡದ ಇರತಾವ ಏನು? ನಡುವ ಒಂದು ವಾಶರ್ ಹಾಕ್ರಿ."

ಪೆನ್ನಿನ ಟೋಪಿಯಿಂದ ಒಂದು ಪ್ಲಾಸ್ಟಿಕ್ ವಾಶರ್ ಕತ್ತರಿಸಿ ಹಿಂದಿನ ಗಾಲಿಗಳ ಸ್ಕ್ರೂಗೆ ಹಾಕಿದೆ. ದೀಪ ಹತ್ತಿತು. ನನಗೆ ಆನಂದ. ಚಾಚಾ ಮಾತ್ರ ಮುಖ ಹಿಂಡಿದರು.

"ಇದೇನ್ರಿ, ಬಂಗಾರದ ಅಂಗಡಿ ಇದ್ದಂಗೈತಿ! ನಮ್ಮ ಡಬ್ಬಿ ದೀಪ ಇಷ್ಟು ಬೆಳ್ಳಗ ಎಂದಿತ್ತು? ಅರಿಷಿಣ ನೀರು ಇದ್ದಂಗ ಇರಬೇಕು. ಪೇಪರ್ ಓದಬೇಕಂದ್ರ ಕಣ್ಣಿಗೆ ನೀರು ಬರಬೇಕು."

ಅವರು ಹೇಳಿದ್ದು ನ್ಯಾಯ. ಗುರುವಾರ ಎರಡನೇ ಸಲ ಕಿವಿ ಬಿಚ್ಚಿ ಬಿಳಿ ದೀಪ ತೆಗೆದು ಹಳದಿ ದೀಪ ಹಾಕಿದೆ. ಬೆಳಕು ಹೆಚ್ಚು ಕಡಿಮೆ ಮಾಡಲು ಡಬ್ಬಿಯ ಅಡಿಯಲ್ಲಿ ಸಾಸಿವೆ ಗಾತ್ರದ ತಿರುಪು ಕೂಡಿಸಿದೆ. ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ತಿರುಗಿಸಬೇಕು. ಅದರ ಜೊತೆಗೆ ಕರೆಂಟನ್ನು ಮಿತಿಯಲ್ಲಿಡುವ ಕಾಯಂ ತಡೆ ಒಂದನ್ನು ಹಾಕಬೇಕಿತ್ತು, ಜಾಗ ಸಾಲಲಿಲ್ಲ, ಬಿಟ್ಟೆ. ಹಾಗಾಗಿ ತಿರುಪನ್ನು ಪೂರಾ ದೊಡ್ಡದು ಮಾಡಿದರೆ ಅಷ್ಟೂ ದೀಪ ಸುಟ್ಟುಹೋಗುವುದು ಖಾತ್ರಿ. ಇದನ್ನು ಚಾಚಾಗೂ ಹೇಳಿದ್ದೆ. ಆ ಸಂಜೆಯೆಲ್ಲ ನಮ್ಮ ಮನೆಯಲ್ಲಿ ಇದೇ ಮಾತು.

"ಸಣ್ಣದು ಮಾಡ್ರಿ. ಇನ್ನಷ್ಟು ಸಣ್ಣದು. ಅಯ್ಯ, ಬಾಳ ಸಣ್ಣದಾತು, ಕಾಳಷ್ಟು ದೊಡ್ಡದು ಮಾಡ್ರಿ. ಹಾಂ! ಸಾಕು! ಇನ್ನ ದೊಡ್ಡದು ಮಾಡಬ್ಯಾಡ್ರಿ ಮತ್ತ!"

ಶುಕ್ರವಾರ ಕಿವಿಗಳನ್ನು ಎರಡನೇ ಸಲ ಮಡಚಿದೆ. ಒಂದೂ ಮುರಿಯಲಿಲ್ಲ. ಇನ್ನು ಈ ಛತ್ತು ತೆಗೆಯುವಂತಿಲ್ಲ. ಡಬ್ಬಿಯನ್ನು ಎಂಜಿನ್ನಿನ ಹಿಂದೆ ಸಿಕ್ಕಿಸಿ ಓಡಿಸಿದೆವು. ಕಿಟಕಿಯ ಹಳದಿ ಬೆಳಕು ಹಳಿಯ ಪಕ್ಕದ ರಟ್ಟಿನ ಗೋಡೆಗಳ ಮೇಲೆ ಚೌಕ ಚೌಕವಾಗಿ ಸರಿದು ಹೋಯಿತು. ಚಾಚಾ ಟವೆಲನ್ನು ಅಲ್ಲೇ ಮರೆತು ಮನೆಗೆ ಹೋದರು.

ಶನಿವಾರ ಮುಂಡರಗಿಯಲ್ಲಿ ನನ್ನ ಕಾಕಾನ ಮಗನ ಹೊಸ ಮನೆಯ ವಾಸ್ತುಶಾಂತಿ ಇತ್ತು. ಹೆಂಡತಿಯೂ ನಾನೂ ಹೋಗುವುದಿತ್ತು. ಅತ್ತೆ ಆ ವಾರ ನಮ್ಮಲ್ಲೇ ಇದ್ದರು, ಮೊಣಕಾಲು ನೋವಿಗೆ ಬಸ್ಸು ಬೇಡವೆಂದು ಮನೆಯಲ್ಲಿ ಉಳಿದರು. ಹೊರಡುವ ಮುಂಚೆ ಅವರಿಗೆ ರೈಲು ತೋರಿಸೋಣವೆಂದು ಮೇಲೆ ಕರೆದುಕೊಂಡು ಹೋದೆ. ಲಕ್ಷ್ಮೇಶ್ವರ ಸ್ಟೇಶನ್ನಿನಲ್ಲಿ ಗಾಡಿ ನಿಲ್ಲಿಸಿದೆ. ದೀಪ ಉರಿಯುತ್ತಲೇ ಇತ್ತು. ಅವರು ಬಗ್ಗಿ ಕಿಟಕಿಯೊಳಗೆ ನೋಡಿ, "ಯಾರೂ ಇಲ್ಲಲ್ರಿ ಒಳಗ. ನಮ್ಮೂರಿಗೆ ಬರಾಕ ಯಾರಿಗೂ ಮನಸಿಲ್ಲೇನು?" ಎಂದರು. ಅಷ್ಟರಲ್ಲಿ ಕೆಳಗಿನಿಂದ ಹೆಂಡತಿ, "ಬಸ್ ಹೋತಂದ್ರ ನಿಮ್ಮ ರೈಲ್ ಹತ್ತಿ ಮುಂಡರಗಿಗೆ ಹೋಗೂನೇನು?" ಎಂದು ಕೂಗಿದಳು. ಇಬ್ಬರೂ ಇಳಿದು ಬಂದೆವು.

"ಎಲ್ಲಾ ಬಂದ್ ಮಾಡೀರಿಲ್ಲೋ?"

"ಹೂಂ."

ನಾನು ಗ್ಯಾಸು ನೋಡಿದ್ದೆ. ನಳ ನೋಡಿದ್ದೆ. ಬಾಗಿಲಿಗೆ ಈ ಸಲ ಕೀಲಿಯೇ ಇರಲಿಲ್ಲ, ಆದರೂ ಜಗ್ಗಿ ನೋಡಿದ್ದೆ.

ಮುಂಡರಗಿಯಲ್ಲಿ ಊಟ ಮುಗಿಸಿ, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಾಗ ನೆನಪಾಯಿತು. ರೈಲಿನ ಸ್ವಿಚ್ಚು! ಬೆಳಿಗ್ಗೆಯಿಂದ ಹಳಿಯಲ್ಲಿ ಕರೆಂಟು ಇದೆ. ತಗಡಿನ ಡಬ್ಬಿ, ಕೂದಲೆಳೆಯಂಥ ತಂತಿ, ಪೆನ್ನಿನ ಟೋಪಿಯ ವಾಶರ್. ವಾಶರ್ ಬಿಸಿಯಾಗಿ ಸರಿದರೆ ಶಾರ್ಟು. ಶಾರ್ಟಾದರೆ ಪೆಟ್ಟಿಗೆ ತಾನೇ ಕರೆಂಟು ತೆಗೆಯುತ್ತದೆ ಎಂದು ಅದರ ಪುಸ್ತಕದಲ್ಲಿ ಬರೆದಿದೆ. ಆದರೆ ಆ ಪುಸ್ತಕ ಓದಿದವನು ನಾನು, ಪೆಟ್ಟಿಗೆ ಓದಿದೆಯೋ ಇಲ್ಲವೋ ಯಾರಿಗೆ ಗೊತ್ತು. ಹೆಂಡತಿ ಬಂಧುಗಳ ನಡುವೆ ನಿಂತು ಮಾತಾಡುತ್ತಿದ್ದಳು. ಅವಳಿಗೆ ಹೇಳಿದರೆ ಬೆಳಗಿನ ನನ್ನ 'ಹೂಂ' ಹೊರಗೆ ಬೀಳುತ್ತದೆ. ಒಂದು ಕಂಬದ ಮರೆಗೆ ಹೋಗಿ ಮನೆಯಲ್ಲಿದ್ದ ಮೊಬೈಲಿಗೆ ಫೋನು ಹಚ್ಚಿದೆ. ಅತ್ತೆ ಎತ್ತಿದರು.

"ಅತ್ತಿ, ಒಂಚೂರು ಮ್ಯಾಲಿನ ಖೋಲಿಗೆ ಹೋಗಿ ನೋಡ್ತೀರೇನು? ರೈಲಿನ ದೀಪ ಹತ್ತೇತೇನು?"

ಅವರು ಒಂದೊಂದೇ ಮೆಟ್ಟಿಲು ಹತ್ತುವುದು, ನಡುವೆ ನಿಂತು "ಶಿವನ" ಎನ್ನುವುದು ಎಲ್ಲ ಫೋನಿನಲ್ಲಿ ಕೇಳಿಸಿತು.

"ಹತ್ತೇತ್ರಿ. ಚಂದ ಕಾಣಾಕ ಹತ್ತೇತಿ."

"ಹೊಗಿ ಏನರ ಬರಾಕ ಹತ್ತೇತೇನು?"

"ಕರೆಂಟಿನ ರೈಲಿಗೆ ಹೊಗಿ ಎಲ್ಲಿಂದ ಬರಬೇಕ್ರಿ?"

"ಅಲ್ಲಿ ಗ್ವಾಡಿಗೆ..." ಎನ್ನುವಷ್ಟರಲ್ಲಿ ಅವರು ಕೇಳಿದರು:

"ದೀಪ ದೊಡ್ಡದು ಮಾಡ್ಲೇನು?"

ನನ್ನ ಕಣ್ಣ ಮುಂದೆ ಸಾಸಿವೆ ಗಾತ್ರದ ಆ ತಿರುಪು ಬಂದು ನಿಂತಿತು. ಪಕ್ಕದಲ್ಲೇ ಸ್ಕ್ರೂಡ್ರೈವರು ಬಿಟ್ಟು ಬಂದಿದ್ದೆನಲ್ಲ!

"ಬ್ಯಾಡ್ರಿ! ಅತ್ತಿ, ದೊಡ್ಡದು ಮಾಡಬ್ಯಾಡ್ರಿ! ಕೈ ಹಚ್ಚಬ್ಯಾಡ್ರಿ!"

ಬಸ್‌ಸ್ಟ್ಯಾಂಡಿನ ನಾಲ್ಕು ಜನ ತಿರುಗಿ ನೋಡಿದರು.

"ಹಂಗಾರ ಹಂಗ ಬಿಡ್ಲಿ?"

"ಹಂಗೂ ಬಿಡಬ್ಯಾಡ್ರಿ!"

ಅತ್ತೆಯ ದನಿ, ಅಳಿಯನಿಗೆ ಕೊಡಬೇಕಾದ ಮರ್ಯಾದೆಯ ಕಟ್ಟಕಡೆಯ ಅಂಚಿನಲ್ಲಿ ನಿಂತು ಬಂತು: "ದೊಡ್ಡದೂ ಮಾಡಬಾರದು, ಹಂಗೂ ಬಿಡಬಾರದು. ಮತ್ತೇನ್ರಿ, ಆರತಿ ಮಾಡ್ಲೇನು?"

ಅಷ್ಟಕ್ಕೆ ಫೋನು ಕಟ್ಟಾಯಿತು. ಮತ್ತೆ ಹಚ್ಚಿದೆ, ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಅತ್ತೆ ಫೋನನ್ನು ಮೇಲೆಯೇ ಇಟ್ಟು ಇಳಿದಿರಬೇಕು, ಅಥವಾ ಉರಿಯುವ ಹಲಗೆಗೆ ನೀರು ಹಾಕುತ್ತಿರಬೇಕು. ನನ್ನ ತಲೆ ಎರಡನೆಯದನ್ನೇ ಆರಿಸಿಕೊಂಡಿತು.

ಬಸ್ಸಿನಲ್ಲಿ ಹೆಂಡತಿಗೆ ಮುಂದೆ ಹೆಣ್ಣುಮಕ್ಕಳ ಸೀಟು ಸಿಕ್ಕಿತು, ನನಗೆ ಹಿಂದೆ ಗಾಲಿಯ ಮೇಲಿನದು. ಡಂಬಳ ಬರುವಷ್ಟರಲ್ಲಿ ಡಬ್ಬಿ ಕರಕಾಗಿತ್ತು. ಅದರ ಮುಂದಿನ ಹಳ್ಳಿಗೆ ಮಹಡಿಯ ಖೋಲಿ ಹೊತ್ತಿತ್ತು. ಗದಗದ ದೀಪಗಳು ಕಾಣುವಾಗ ನಾನು ಚಾಚಾನ ಮೂವರು ಗೆಳೆಯರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತಿದ್ದೆ. 'ಹಿರಿಯರೆ, ದೀಪದ ಖಾತೆಯವರು ಮಾಡಿದ ಡಬ್ಬಿಯನ್ನು ಕಂದಾಯ ಖಾತೆಯವನು ಸುಟ್ಟ' ಎಂಬ ವಾಕ್ಯವನ್ನು ಮೂರು ಥರ ತಿದ್ದಿ ನೋಡಿದೆ. ಯಾವ ಥರದಲ್ಲೂ ಚಾಚಾನ ಕೈ ನಡುಗುವುದು ನಿಲ್ಲಲಿಲ್ಲ.

ಮನೆಯ ಮುಂದೆ ಹೊಗೆ ಇರಲಿಲ್ಲ. ಜನ ಸೇರಿರಲಿಲ್ಲ. ಬಾಗಿಲಲ್ಲಿ ಚಾಚಾನ ಚಪ್ಪಲಿ ಇದ್ದವು. ಜನ ಸೇರಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ.

ಅತ್ತೆ ದೇವರ ಜಗಲಿಯ ಮುಂದೆ ಸಂಜೆಯ ದೀಪ ಹಚ್ಚುತ್ತಿದ್ದರು. ತಿರುಗಿ ನೋಡದೆ, "ನಿಮ್ಮ ಮಾತು ನನಗ ತಿಳೀಲಿಲ್ರಿ. ಬಾಜೂ ಮನಿಯಾಕಿ ಕಡೆಯಿಂದ ರೈಲಿನ ಅಣ್ಣಾರಿಗೆ ಹೇಳಿ ಕಳಿಸಿದೆ. ಇಬ್ರೂ ಕೂಡಿ ದೀಪ ದೊಡ್ಡದು ಮಾಡಿದ್ವಿ" ಎಂದರು.

ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ಖೋಲಿಯಲ್ಲಿ ರೈಲಿನ ಬೆಳಕಿಲ್ಲ. ಕಿಟಕಿಯ ಬದಿಯ ಕುರ್ಚಿಯಲ್ಲಿ ಚಾಚಾ, ಲಕ್ಷ್ಮೇಶ್ವರ ಸ್ಟೇಶನ್ನಿನಲ್ಲಿ ಕಪ್ಪಗೆ ನಿಂತ ಡಬ್ಬಿ. ಸುಟ್ಟಿತು ಎಂದುಕೊಂಡೆ. ಟ್ಯೂಬ್‌ಲೈಟು ಹಚ್ಚಿ, ಡಬ್ಬಿಯನ್ನು ಎತ್ತಿ ತಿರುವಿ ನೋಡಿದೆ. ತಣ್ಣಗಿತ್ತು. ಮೂಗಿಗೆ ಹಿಡಿದು ಮೂಸಿದೆ.

"ಏನ್ ಮೂಸ್ತೀರಿ ಸಾಹೇಬ್ರ? ಹಣ್ಣಾಗೇತೇನು?" ಎಂದರು ಚಾಚಾ.

"ಚಾಚಾ, ದೊಡ್ಡದು ಮಾಡಿದ್ರಂತಲ್ಲ!"

"ಹೌದು. ಸ್ವಿಚ್ ಬಂದ್ ಮಾಡಿದೆ."

ನಾನು ಅವರನ್ನೇ ನೋಡಿದೆ. ಅವರು ನನ್ನನ್ನು ನೋಡಿದರು. ನನ್ನ ಬೆನ್ನ ಹಿಂದೆ, ಬಾಗಿಲಲ್ಲಿ, ಹೆಂಡತಿ ನಗಲು ಸುರು ಮಾಡಿದಳು.

"ನಮ್ಮವ್ವ ಎಂದರ ದೀಪ ಆರಸ್ತೀನಿ ಅಂದಾಳೇನ್ರಿ? ನಿಮ್ಮವ್ವ ಅಂತಿದ್ರೇನು?"

ಅನ್ನುತ್ತಿರಲಿಲ್ಲ. ನಮ್ಮ ಕಡೆಯ ಹಳೆಯ ಹೆಣ್ಣುಮಕ್ಕಳು ಯಾರೂ ಅನ್ನುವುದಿಲ್ಲ. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಕಂದೀಲಿನ ಕಾಲದಲ್ಲಿ ದಿನಾ ಮಲಗುವ ಹೊತ್ತಿಗೆ ನಮ್ಮವ್ವ, "ದೀಪ ದೊಡ್ಡದು ಮಾಡಪಾ" ಎನ್ನುತ್ತಿದ್ದಳು, ನಾನೇ ಎದ್ದು ಬತ್ತಿ ಇಳಿಸುತ್ತಿದ್ದೆ. ಐವತ್ತು ವರ್ಷ ಕಿವಿಯಲ್ಲಿದ್ದ ಆ ಮಾತನ್ನು ಎರಡು ದಿನದ ಸಾಸಿವೆ ತಿರುಪು ಒರೆಸಿ ಹಾಕಿತ್ತು. ಅತ್ತೆ ಕೇಳಿದ್ದು ಆರಿಸಲೇ ಎಂದು. ಬೇಡ ಎಂದು ಊರು ಕೇಳುವಂತೆ ಕೂಗಿದವನು ನಾನು.

"ನಿಮಗ ಹೆಂಗ ತಿಳೀತು ಚಾಚಾ? ನೀವೂ ನನ್ನ ಜೋಡಿ ಮೊನ್ನೆ ಸಂಜಿಯೆಲ್ಲ ಸಣ್ಣದು ದೊಡ್ಡದು ಅಂತ ಕೂತಿದ್ರಿ."

"ನಮ್ಮಮ್ಮಾನೂ 'ಚಿರಾಗ್ ಬಢಾ ದೇ' ಅಂತಿದ್ಳ್ರಿ. ದೀಪ ಬೆಳಸು ಅಂತ. ಅಕ್ಕಾರು ಅಂದ ಕೂಡ್ಲೆ ತಿಳೀತು." ಆಮೇಲೆ ಗಂಭೀರವಾಗಿ, "ಆರತಿ ಮಾಡೂದೂ ಬಿಡೂದೂ ನಿಮ್ಮನ್ನ ಕೇಳಿ ಮಾಡೂನು ಅಂತಿದ್ರು" ಎಂದರು.

ನಾನು ಹಲಗೆಯ ಅಂಚಿನ ಮೇಲೆ ಕೂತುಬಿಟ್ಟೆ. ಮುಂಡರಗಿಯಿಂದ ಹೊತ್ತು ತಂದಿದ್ದ ಬೆಂಕಿಯೆಲ್ಲ ಒಮ್ಮೆಲೇ ಇಳಿದದ್ದಕ್ಕೋ ಏನೋ, ಹಸಿವಾಯಿತು. ಚಾಚಾ ಕೆಳಗೆ ಚಹಾಕ್ಕೆ ಇಳಿದರು.

ಅವರು ಇಳಿದ ಮೇಲೆ ಸುಮ್ಮನಿರಬೇಕಿತ್ತು. ಖಾತ್ರಿ ಮಾಡಿಕೊಳ್ಳೋಣವೆಂದು ಸ್ವಿಚ್ಚು ಹಾಕಿದೆ. ದೀಪ ಹತ್ತಿತು. ಎಣಿಸಿದೆ. ಒಂಬತ್ತು ಕಿಟಕಿಗೆ ಬೆಳಕಿತ್ತು. ಹತ್ತನೆಯದು, ಸಂಡಾಸದ್ದು, ಕತ್ತಲೆ. ತಟ್ಟಿದೆ, ಅಲುಗಿಸಿದೆ, ಹಳಿ ಒರೆಸಿದೆ. ಒಳಗೆ ಆ ದೀಪದ ಬೆಸುಗೆ ಬಿಟ್ಟಿರಬೇಕು. ಒಂದು ನಿಮಿಷದ ಕೆಲಸ, ಆದರೆ ಛತ್ತು ತೆಗೆಯಬೇಕು. ಕಿವಿಗಳಿಗೆ ಅದು ಮೂರನೇ ಸಲ.

ಸ್ವಿಚ್ಚು ತೆಗೆದು ಕೆಳಗೆ ಬಂದೆ. ಚಾಚಾ ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. ಹೇಳಬೇಕೆಂದು ಎರಡು ಸಲ ಬಾಯಿ ತೆಗೆದೆ. ಎರಡು ಸಲವೂ ಬಿಸ್ಕೀಟು ತಿಂದೆ.

ಐತವಾರ ಹನ್ನೊಂದಕ್ಕೆ ಹುಬ್ಬಳ್ಳಿಯ ಮೂವರು ಬಂದರು. ಒಬ್ಬರಿಗೆ ಊರುಗೋಲು, ಒಬ್ಬರಿಗೆ ಕಿವಿ ಯಂತ್ರ. ಮೂರನೆಯವರಿಗೆ ದಪ್ಪ ಗಾಜಿನ ಕನ್ನಡಕ. ಮದುವೆಯಲ್ಲಿ ಗೂಡ್ಸ್ ಗಾಡಿಯ ಮಾತು ಆಡಿದವರು ಅವರೇ. ನನಗದು ಹೇಳದೆ ತಿಳಿಯಿತು, ಮೆಟ್ಟಿಲು ಹತ್ತುವಾಗಲೇ ನಮ್ಮ ಮನೆಯ ವೈರಿಂಗು ನೋಡಿ ತಲೆಯಾಡಿಸಿದರು. ಕಿಟಕಿಗೆ ಅತ್ತೆಯ ಚಾದರ ಕಟ್ಟಿ ಖೋಲಿ ಕತ್ತಲು ಮಾಡಿದ್ದೆ. ಹತ್ತನೆಯ ಕಿಟಕಿ ಆದಷ್ಟು ಗೋಡೆಯ ಕಡೆ ಬರಲಿ ಎಂದು ಡಬ್ಬಿಯನ್ನು ತಿರುಗಿಸಿ ಇಟ್ಟಿದ್ದೆ. ಆದರೆ ನನ್ನ ಹಳಿ ದುಂಡಗಿದೆ. ಎಲ್ಲ ಕಿಟಕಿಯೂ ಎಲ್ಲರ ಮುಂದೆ ಬಂದೇ ಬರುತ್ತದೆ.

ಚಾಚಾ ನನ್ನ ಕಡೆ ನೋಡಿ ಗೋಣು ಹಾಕಿದರು. ಗಾಡಿ ಬಿಟ್ಟೆ.

ಗದಗ ಬಿಟ್ಟಿತು. ಮಲ್ಲಸಮುದ್ರ ದಾಟಿತು. ಅಲ್ಲೊಂದು ಹಳಿಯ ಜೋಡಣೆ ಕೊಳೆಯಾಗಿದೆ, ಎಂಜಿನ್ನು ಕೂಡ ತಡವರಿಸುವ ಜಾಗ. ಡಬ್ಬಿಯ ದೀಪ ಮಿಣುಕಲಿಲ್ಲ. "ಬ್ಯಾಟರಿ ಐತಿ ಒಳಗ" ಎಂದು ಚಾಚಾ ಯಾರಿಗೋ ಎಂಬಂತೆ ಹೇಳಿದರು. ಲಕ್ಷ್ಮೇಶ್ವರದಲ್ಲಿ ನಿಲ್ಲಿಸಿದೆ. ಗಾಡಿ ನಿಂತಿತು, ದೀಪ ನಿಂತ ಹಾಗೆಯೇ ಉರಿಯಿತು. ಅರಿಷಿಣ ನೀರಿನ ಬಣ್ಣ. ಊರುಗೋಲಿನವರು "ವಾಹ್" ಎಂದರು. ಕನ್ನಡಕದವರು ಕೆಳಗೆ ಬಗ್ಗಿ ಡಬ್ಬಿಯ ಹೊಟ್ಟೆ ನೋಡಿದರು.

"ಬೆಲ್ಟ್ ಎಲ್ಲೈತಿ?"

"ಬೆಲ್ಟ್ ಇಲ್ಲ. ಹಳಿಯೊಳಗ ಕರೆಂಟ್ ಐತಿ" ಎಂದರು ಚಾಚಾ.

"ಹಂಗಾರ ನಾವು ಯಾಕ ಬೇಕಿತ್ತಲೇ?"

"ನೀ ಅಂತೂ ಆಗೂ ಬೇಕಾಗಿದ್ದಿಲ್ಲ."

ನಕ್ಕರು. ನಾನೂ ನಗುವವನಿದ್ದೆ. ಅಷ್ಟರಲ್ಲಿ ಕನ್ನಡಕದವರು ಬೆರಳು ಮುಂದೆ ಮಾಡಿ ಕಿಟಕಿ ಎಣಿಸತೊಡಗಿದರು. ಏಳು, ಎಂಟು, ಒಂಬತ್ತು. ಬೆರಳು ನಿಂತಿತು. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು.

"ಲೇ, ಸಂಡಾಸದ ದೀಪ ಇಲ್ಲ."

ನನ್ನ ನಾಲಿಗೆ ಎದ್ದಿತು: "ಅದು ನನ್ನ ತಪ್ಪು, ಹಿರ್ಯಾರ, ಬೆಸುಗಿ ಒಳಗ..."

"ಸುಮ್ನಿರ್ರಿ ಸಾಹೇಬ್ರ" ಎಂದರು ಚಾಚಾ. ಗೆಳೆಯನ ಕಡೆ ತಿರುಗಿದರು. "ಇಲ್ಲ. ಸಂಡಾಸದ ದೀಪ ಇಲ್ಲ. ನಿನ್ನ ಡ್ಯೂಟಿ ಇದ್ದಾಗ ಎಂದರ ಇತ್ತೇನು?"

ಮೊದಲು ಊರುಗೋಲಿನವರು ನಕ್ಕರು. ಕಿವಿ ಯಂತ್ರದವರು ಏನೆಂದು ಕೇಳಿ, ಇನ್ನೊಮ್ಮೆ ಹೇಳಿಸಿಕೊಂಡು ನಕ್ಕರು. ಕನ್ನಡಕದವರ ಮುಖ ಒಂದು ಕ್ಷಣ ಗಟ್ಟಿಯಾಗಿತ್ತು, ಆಮೇಲೆ ಒಡೆಯಿತು. ಕೆಮ್ಮು ಬರುವ ತನಕ ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಮುಂಜಾನಿ ಹಾಕ್ತಿದ್ವಿ, ಸಂಜೀಕ ಯಾರೋ ಬಿಚ್ಚಿಕೊಂಡು ಹೋಗಿರತಿದ್ರು!" ಎಂದು ನನಗೆ ಹೇಳಿದರು, ನನ್ನ ಭುಜ ಹಿಡಿದುಕೊಂಡು. "ಜನಾ ಮನಿಗೆ ಒಯ್ದು ಏನ್ ಮಾಡ್ತಿದ್ರೋ, ಮನೀ ಕರೆಂಟಿಗೆ ಅವು ಹತ್ತತಿದ್ದಿಲ್ಲ! ಹತ್ತೂ ಹತ್ತಿದ್ರ ನಾ ನಂಬತಿದ್ದಿಲ್ಲ ನೋಡ್ರಿ. ಇದು ಖರೆ ಡಬ್ಬಿ." ಆಮೇಲೆ ಚಾಚಾನ ಕಡೆ ನೋಡದೆ, ಡಬ್ಬಿಯ ಕಡೆ ನೋಡುತ್ತ, "ಚಲೋ ಮಾಡೀದಿ" ಎಂದರು.

ಚಾಚಾನ ಕೈಗಳು ಬೆನ್ನ ಹಿಂದಿದ್ದವು. ನಡುಗುತ್ತಿದ್ದವೋ ಇಲ್ಲವೋ ನನಗೆ ಕಾಣಲಿಲ್ಲ.

ಮತ್ತೆ ಹನ್ನೆರಡು ಸುತ್ತು ಓಡಿಸಿದೆವು. ಅತ್ತೆಯೂ ಬಂದು ಒಂದು ಸುತ್ತು ನೋಡಿ, "ಈಗ ಮಂದಿ ಬಂದ್ರು ನೋಡ್ರಿ ನಮ್ಮೂರಿಗೆ" ಎಂದು ಹೋದರು. ಊಟಕ್ಕೆ ಹೊತ್ತಾಯಿತೆಂದು ಗೆಳೆಯರು ಇಳಿದ ಮೇಲೆ ಚಾಚಾ ಮೆಟ್ಟಿಲ ಮೇಲೆ ಒಂದು ನಿಮಿಷ ಹಿಂದೆ ಉಳಿದರು.

"ಚಾಚಾ, ನಿಮಗ ಮೊದಲ ಗೊತ್ತಿತ್ತೇನು?"

"ನಿನ್ನೆನ ನೋಡಿದ್ದೆ, ಸ್ವಿಚ್ ಬಂದ್ ಮಾಡೋಕಿಂತ ಮೊದ್ಲ."

"ಮತ್ತ ಹೇಳಲಿಲ್ಲ?"

"ಹೇಳಿದ್ರ ನೀವು ಮೂರನೇ ಸಲ ಬಿಚ್ಚತಿದ್ರಿ."

ಬಿಚ್ಚುತ್ತಿದ್ದೆ. ಖಂಡಿತ ಬಿಚ್ಚುತ್ತಿದ್ದೆ.

"ಡಬ್ಬಿ ಒಯ್ಯೂದಿಲ್ಲೇನು?" ಎಂದು ಕೇಳಿದೆ.

"ನಮ್ಮನ್ಯಾಗ ಹಳಿ ಎಲ್ಲೈತ್ರಿ? ಇಲ್ಲೇ ನಿಂದರಲಿ, ಲಕ್ಷ್ಮೇಶ್ವರದಾಗ. ನಾ ಬಂದು ಹೋಗ್ತೀನಿ" ಎಂದು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ಇಳಿದರು. ಕೆಳಗೆ ಓಣಿಯಲ್ಲಿ ಕನ್ನಡಕದವರ ನಗು ಇನ್ನೊಮ್ಮೆ ಕೇಳಿಸಿತು.

ನಾನು ಸ್ವಿಚ್ಚು ತೆಗೆದೆ, ಚಾದರ ಬಿಚ್ಚಿದೆ, ಬಾಗಿಲು ಎಳೆದುಕೊಂಡು ಇಳಿದೆ. ಅಡಿಗೆಮನೆಯಿಂದ ಅತ್ತೆ ಕೇಳಿದರು, "ದೊಡ್ಡದು ಮಾಡಿದ್ರೇನ್ರಿ?"

"ಮಾಡೇನ್ರಿ ಅತ್ತಿ, ದೊಡ್ಡದು ಮಾಡೇನಿ."

ಹೆಂಡತಿ ತಾಟು ಇಡುತ್ತ ನನ್ನ ಮುಖ ನೋಡಿದಳು. ಕೂತೆ. ಎರಡು ತುತ್ತು ಉಂಡೆ. ಮೂರನೆಯದಕ್ಕೆ ಎದ್ದು, ಎಂಜಲು ಕೈ ಮೇಲೆತ್ತಿಕೊಂಡೇ ಮಹಡಿ ಹತ್ತಿ ನೋಡಿ ಬಂದೆ. ಸ್ವಿಚ್ಚು ತೆಗೆದಿದ್ದೆ.